ಆನ್‌ಲೈನ್ ಜೂಜು ನಿಷೇಧ: ಆಂಧ್ರದ ಅನುಭವ ಹೇಳುವುದೇನು?

2022ರಲ್ಲಿ ಒಂದು ದಿನ ನೀವು ಬೆಂಗಳೂರಿನಲ್ಲಿ ಪ್ರಶಾಂತಿ ಎಕ್ಸ್‌ಪ್ರೆಸ್ ಹತ್ತಿ ವಿಶಾಖಪಟ್ಟಣಕ್ಕೆ ಹೊರಟಿದ್ದೀರಿ ಅಂದುಕೊಳ್ಳಿ. ಪಕ್ಕದ ಸೀಟಿನ ಹುಡುಗ ಮೊಬೈಲಿನಲ್ಲಿ ದುಡ್ಡು ಕಟ್ಟಿ ರಮ್ಮಿ ಆಡುತ್ತಿದ್ದಾನೆ. ಗೌರಿಬಿದನೂರಿನವರೆಗೆ ಅದು ಅಪರಾಧವಲ್ಲ. ರೈಲು ಹಿಂದೂಪುರಕ್ಕೆ ಬಂತು. ಅದೇ ಹುಡುಗ, ಅದೇ ಮೊಬೈಲ್, ಅದೇ ಆಟ. ಆದರೆ ಈಗ ಅದು ಅಪರಾಧ!

ಹೀಗೇಕೆ? ನಮ್ಮ ಸಂವಿಧಾನದಲ್ಲಿ ಜೂಜು ಮತ್ತು ಬಾಜಿ ರಾಜ್ಯಗಳ ಪಟ್ಟಿಯಲ್ಲಿರುವ ವಿಷಯ. ವೈ.ಎಸ್. ಜಗನ್ ಮೋಹನ್ ರೆಡ್ಡಿ ಸರಕಾರ 2020ರ ಸೆಪ್ಟೆಂಬರ್‌ನಲ್ಲಿ 1974ರ ಹಳೆಯ ಜೂಜು ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ರಮ್ಮಿ, ಪೋಕರ್‌ಗಳನ್ನು ನಿಷೇಧಿಸಿತು. ಆಡಿಸಿದವರಿಗೆ ಮಾತ್ರವಲ್ಲ, ಆಡಿದವರಿಗೂ ಜೈಲು. ಅದೇ ಅಕ್ಟೋಬರ್‌ನಲ್ಲಿ ಮುಖ್ಯಮಂತ್ರಿಗಳು ಕೇಂದ್ರ ಸಚಿವರಿಗೆ ಪತ್ರ ಬರೆದು 132 ವೆಬ್‌ಸೈಟ್ ಮತ್ತು ಆ್ಯಪ್‌ಗಳನ್ನು ತಡೆಯುವಂತೆ ಕೋರಿದರು. ಈ ಪತ್ರವೇ ರಾಜ್ಯದ ಕಾನೂನಿನ ಮಿತಿಯನ್ನು ಹೇಳುತ್ತದೆ. ವಿಜಯವಾಡದ ಪೊಲೀಸರು ಒಂದು ಇಸ್ಪೀಟ್ ಕ್ಲಬ್ಬಿಗೆ ಬೀಗ ಹಾಕಬಲ್ಲರು. ಎಲ್ಲೋ ದೂರದಲ್ಲಿರುವ ಸರ್ವರ್‌ಗೆ ಬೀಗ ಹಾಕುವುದು ಹೇಗೆ?

ಕರ್ನಾಟಕವೂ ಸುಮ್ಮನಿರಲಿಲ್ಲ. ಇಲ್ಲಿನ ನಿಷೇಧ 2021ರ ಅಕ್ಟೋಬರ್ 5ರಂದು ಜಾರಿಗೆ ಬಂತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಕೌಶಲದ ಆಟ ಬೇರೆ, ಅದೃಷ್ಟದ ಆಟ ಬೇರೆ ಎಂಬ ವಾದ ಅಲ್ಲಿ ಗೆದ್ದಿತು. ಈ ವಾದದ ಬೇರೂ ಆಂಧ್ರದಲ್ಲೇ ಇದೆ. 1968ರಲ್ಲಿ, ಆಗ ಆಂಧ್ರಕ್ಕೆ ಸೇರಿದ್ದ ಸಿಕಂದರಾಬಾದ್‌ನ ಒಂದು ಕ್ಲಬ್ಬಿನ ಪ್ರಕರಣದಲ್ಲಿ, ರಮ್ಮಿ ಹೆಚ್ಚಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಕಂಪೆನಿಗಳು ಈ ತೀರ್ಪನ್ನು ಸದಾ ಮುಂದಿಡುತ್ತವೆ. ಆದರೆ ಅದರಲ್ಲೇ ಇನ್ನೊಂದು ಮಾತೂ ಇದೆ: ಹಣ ಕಟ್ಟಿ ಆಡುವ ಆಟದಿಂದ ಆಡಿಸುವವನು ಲಾಭ ಮಾಡಿಕೊಂಡರೆ ಅದು ಅಪರಾಧವಾಗಬಹುದು. ಇದನ್ನು ಯಾರೂ ಜೋರಾಗಿ ಹೇಳುವುದಿಲ್ಲ.

ಇನ್ನು ರಾಜಕೀಯ. 2023ರ ನವೆಂಬರ್ 23ರಂದು ವಿಶಾಖಪಟ್ಟಣದಲ್ಲಿ ಭಾರತ-ಆಸ್ಟ್ರೇಲಿಯಾ ಟಿ20 ಪಂದ್ಯ ನಡೆಯಿತು. ನಮ್ಮ ಆಟಗಾರರ ಎದೆಯ ಮೇಲೆ ಡ್ರೀಮ್ ಇಲೆವೆನ್ ಎಂಬ ಹೆಸರು. ಆ ಕಂಪೆನಿಯ ಹಣದ ಸ್ಪರ್ಧೆಗಳಿಗೆ ಆಂಧ್ರದಲ್ಲಿ ಅವಕಾಶವೇ ಇರಲಿಲ್ಲ! ಕ್ರೀಡಾಂಗಣದಲ್ಲಿದ್ದ ಹುಡುಗನಿಗೆ ಕಾನೂನು ಬೇಡ ಅಂದದ್ದನ್ನು ಅವನ ಹೀರೋನ ಜೆರ್ಸಿ ಬೇಕು ಅನ್ನುತ್ತಿತ್ತು. ಅದೇ ವರ್ಷದ ಅಕ್ಟೋಬರ್‌ನಿಂದ ಇಂಥ ಆಟಗಳ ಪೂರ್ತಿ ಪಣದ ಮೇಲೆ ಶೇ. 28 ಜಿಎಸ್‌ಟಿಯೂ ಬಂತು. ಒಂದು ಕಡೆ ನಿಷೇಧದ ಮಾತು, ಇನ್ನೊಂದು ಕಡೆ ತೆರಿಗೆಯ ಆದಾಯ. ಜೂಜಿನಲ್ಲಿ ಲಾಭವೇ ಇಲ್ಲ ಎಂದು ಕುರ್‌ಆನ್ ಹೇಳುವುದಿಲ್ಲ. ಲಾಭಕ್ಕಿಂತ ಹಾನಿ ದೊಡ್ಡದು ಎನ್ನುತ್ತದೆ. ಸರಕಾರಗಳು ತಡವಾಗಿ ಬಂದು ನಿಂತದ್ದೂ ಇದೇ ಲೆಕ್ಕಕ್ಕೆ.

ಇನ್ನೊಂದು ವಿಚಿತ್ರ ನೋಡಿ. ನಮ್ಮ ಕರಾವಳಿಯ ಕೋಳಿ ಅಂಕದಂತೆ ಆಂಧ್ರದಲ್ಲಿ ಸಂಕ್ರಾಂತಿಗೆ ಕೋಳಿ ಪಂದ್ಯ. ಅದಕ್ಕೂ ನಿಷೇಧವಿದೆ, ಹೈಕೋರ್ಟಿನ ಆದೇಶವೂ ಇದೆ. ಆದರೂ ವಿಜಯವಾಡದ ಹೊರವಲಯದಲ್ಲಿ ಪೆಂಡಾಲ್ ಹಾಕಿ, ದೀಪ ಹಚ್ಚಿ ಬಾಜಿ ಕಟ್ಟುತ್ತಾರೆ. ರಾಜಕಾರಣಿಗಳೂ ಬಂದು ಹೋಗುತ್ತಾರೆ. ಹೀಗಿರುವಾಗ ಕಾನೂನು ಎಂದರೆ ಸಿಕ್ಕಿಬಿದ್ದವನಿಗೆ ಮಾತ್ರ ಅಂತ ಜನ ಅಂದುಕೊಂಡರೆ ತಪ್ಪು ಯಾರದು?

2025ರ ಆಗಸ್ಟ್‌ನಲ್ಲಿ ಸಂಸತ್ತು ಇಡೀ ದೇಶಕ್ಕೆ ಒಂದೇ ಕಾನೂನು ಮಾಡಿತು. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತವಾಯಿತು. ಕೌಶಲವೋ ಅದೃಷ್ಟವೋ, ಹಣ ಕಟ್ಟಿ ಆಡುವ ಆನ್‌ಲೈನ್ ಆಟವೆಲ್ಲ ನಿಷಿದ್ಧ. ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂ.ವರೆಗೆ ದಂಡ. ಜಾಹೀರಾತು ಮಾಡುವವರಿಗೆ 2 ವರ್ಷದವರೆಗೆ ಜೈಲು, 50 ಲಕ್ಷ ರೂ.ವರೆಗೆ ದಂಡ. ಇದನ್ನು ಪ್ರಶ್ನಿಸಿದ ಅರ್ಜಿಗಳನ್ನು ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟ್‌ಗಳಿಂದ ತನಗೆ ವರ್ಗಾಯಿಸಿಕೊಂಡಿತು.

ಈ ಕಾನೂನಿನಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಒಂದೇ: ಆಡಿದವನಿಗೆ ಶಿಕ್ಷೆ ಇಲ್ಲ. ಅವನನ್ನು ಅಪರಾಧಿ ಅನ್ನದೆ, ಬಲಿಯಾದವನು ಅಂತ ನೋಡಲಾಗಿದೆ. ಆಡಿದವನಿಗೂ ಜೈಲು ಅಂದಾಗ ಏನಾಗುತ್ತದೆ? ಫೀಸಿನ ದುಡ್ಡು ಕಳಕೊಂಡ ಹುಡುಗ ಬಾಯಿಬಿಡುವುದಿಲ್ಲ. ಅದನ್ನು ತುಂಬಿಸಲು ಸಾಲದ ಆ್ಯಪ್‌ಗೆ ಹೋಗುತ್ತಾನೆ. ಅಪ್ಪ-ಅಮ್ಮನಿಗೆ ಗೊತ್ತಾಗುವಾಗ ಬಾಗಿಲಿಗೆ ಸಾಲಗಾರ ಬಂದಿರುತ್ತಾನೆ, ಅಥವಾ ಅದಕ್ಕಿಂತ ಕೆಟ್ಟದ್ದು ನಡೆದಿರುತ್ತದೆ.

ನಿಷೇಧದಿಂದ ಎಲ್ಲವೂ ಮುಗಿಯಿತು ಅನ್ನಬೇಡಿ. ಹೊರದೇಶದಿಂದ ನಡೆಯುವ ಬೆಟ್ಟಿಂಗ್ ಆ್ಯಪ್‌ಗಳು ಟೆಲಿಗ್ರಾಂ ಗುಂಪುಗಳಲ್ಲಿ ಗಿರಾಕಿ ಹುಡುಕುತ್ತವೆ. ಅವರಿಗೆ ಹಣ ಸಾಗಿಸಲು ಬೇರೆಯವರ ಬ್ಯಾಂಕ್ ಖಾತೆ ಬೇಕು. ವಿದ್ಯಾರ್ಥಿಗಳೇ, ಕಮಿಷನ್ ಆಸೆಗೆ ನಿಮ್ಮ ಖಾತೆ, ಸಿಮ್, ಎಟಿಎಂ ಕಾರ್ಡ್ ಕೊಡಬೇಡಿ. ಆಗ ನೀವು ಬಲಿಯಾದವರಲ್ಲ, ಆರೋಪಿಗಳು.

ಹಿರಿಯರಿಗೆ ಒಂದು ಮಾತು. ಮನೆಯಲ್ಲಿ ಯಾರಾದರೂ ಸೋತು ಬಂದರೆ ಮೊದಲು ಬೈಯಬೇಡಿ, ಸಾಲ ಎಷ್ಟು ಅಂತ ಕೇಳಿ. ಮೋಸವಾಗಿದ್ದರೆ 1930ಕ್ಕೆ ಕರೆ ಮಾಡಿ. ಮನಸ್ಸು ಕುಗ್ಗಿದ್ದರೆ 14416 ಟೆಲಿ ಮಾನಸ್ ಇದೆ. ಮಾನ ಹೋಗುತ್ತದೆ ಅಂತ ಮುಚ್ಚಿಟ್ಟರೆ ಹೋಗುವುದು ಮಾನ ಮಾತ್ರವಲ್ಲ. ಕಾನೂನು ಆಡಿಸುವವನ ಬಾಗಿಲು ಮುಚ್ಚಲಿ, ಆಡಿ ಸೋತವನಿಗೆ ನಮ್ಮ ಮನೆಯ ಬಾಗಿಲು ತೆರೆದಿರಲಿ.