ದೀಪ ಹಚ್ಚುವಾಗ ಬರುವ ಅನುಮಾನ

ಬೆಳಗ್ಗೆ ಸ್ನಾನ ಮುಗಿಸಿ ದೇವರ ಮುಂದೆ ದೀಪ ಹಚ್ಚುವಾಗ, ‘ನಾನು ಹೇಳೋದನ್ನು ಕೇಳಿಸಿಕೊಳ್ಳೋರು ಯಾರಾದರೂ ಇದ್ದಾರೆಯೆ?’ ಎಂದು ನಿಮಗೆ ಎಂದಾದರೂ ಅನ್ನಿಸಿದೆಯೆ? ಅನ್ನಿಸಿದ್ದರೂ ಯಾರ ಮುಂದೂ ಬಾಯಿ ಬಿಟ್ಟಿರಲಾರಿರಿ. ನಾನೂ ಬಿಟ್ಟಿರಲಿಲ್ಲ.

ನಮ್ಮತ್ತೆಯವರು ಹಾಸಿಗೆ ಹಿಡಿದಾಗ ನಾನು ಹೊರದ ಹರಕೆಯಿಲ್ಲ. 48 ದಿನ ಒಪ್ಪೊತ್ತು ಊಟ ಮಾಡಿದೆ. ಅವರು ಉಳಿಯಲಿಲ್ಲ. ಕರ್ಮಾಂತರವೆಲ್ಲ ಮುಗಿದು ಮತ್ತೆ ಪೂಜೆಗೆ ಕೂತರೆ, ಕೈ ದೀಪ ಹಚ್ಚುತ್ತದೆ, ಬಾಯಿ ಸ್ತೋತ್ರ ಹೇಳುತ್ತದೆ, ಮನಸ್ಸು ಮಾತ್ರ ಕಲ್ಲು. ಮನೆಯವರಿಗೆಲ್ಲ ಮೋಸ ಮಾಡ್ತಾ ಇದ್ದೀನಿ ಅಂತ ಒಳಗೇ ಕೊರಗಿದೆ.

ಆ ದಿನಗಳಲ್ಲೇ ಮದರ್ ತೆರೇಸಾ ಅವರ ಪತ್ರಗಳ ವಿಷಯ ಓದಿದ್ದು. 1946ರಲ್ಲಿ ಡಾರ್ಜಿಲಿಂಗಿಗೆ ಹೋಗುವ ರೈಲಿನಲ್ಲಿ ದೇವರ ಕರೆ ಬಂತೆಂದು ನಂಬಿ, ಆಮೇಲೆ ಕಾನ್ವೆಂಟು ಬಿಟ್ಟು ಕಲ್ಕತ್ತೆಯ ಬೀದಿಗಿಳಿದ ತಾಯಿ ಅವರು. ಬೀದಿಗಿಳಿದ ಸ್ವಲ್ಪ ಕಾಲದಲ್ಲೇ ಆ ದನಿ ನಿಂತುಹೋಯಿತು! ಪ್ರಾರ್ಥನೆಗೆ ಕೂತರೆ ಒಳಗೆ ಬರೀ ಕತ್ತಲೆ. ದೇವರೇ ಇಲ್ಲವೇನೋ ಎಂಬಷ್ಟು. 1958ರಲ್ಲಿ ಕೆಲವು ವಾರ ಬಿಟ್ಟರೆ, ಸುಮಾರು 50 ವರ್ಷ ಹೀಗೇ. ಇದನ್ನೆಲ್ಲ ಪಾದ್ರಿಗಳಿಗೆ ಬರೆದು, ಪತ್ರಗಳನ್ನು ನಾಶಮಾಡಿ ಎಂದೂ ಬೇಡಿಕೊಂಡಿದ್ದರಂತೆ. ಪಾಪ, ಅವರಿಗೂ ನಮ್ಮ ಹಾಗೇ ಸಂಕೋಚ! ಅವರು 1997ರಲ್ಲಿ ತೀರಿಕೊಂಡು ಹತ್ತು ವರ್ಷಕ್ಕೆ, 2007ರಲ್ಲಿ, ಆ ಪತ್ರಗಳು ಪುಸ್ತಕವಾಗಿ ಬಂದವು. ಓದಿದವರು ಬೆಚ್ಚಿದರು. ಅಷ್ಟು ವರ್ಷವೂ ಅವರು ಪ್ರಾರ್ಥನೆ ಬಿಟ್ಟಿರಲಿಲ್ಲ, ರೋಗಿಗಳ ಸೇವೆಯನ್ನೂ ಬಿಟ್ಟಿರಲಿಲ್ಲ. 2016ರಲ್ಲಿ ಅವರಿಗೆ ಸಂತ ಪದವಿ ಕೊಡುವುದಕ್ಕೆ ಆ ಕತ್ತಲೆ ಅಡ್ಡ ಬರಲಿಲ್ಲ.

ಅಷ್ಟು ದೂರ ಯಾಕೆ, ಕಠೋಪನಿಷತ್ತಿನ ಪುಟ್ಟ ನಚಿಕೇತ ಸತ್ತ ಮೇಲೆ ಏನಾದರೂ ಉಳಿಯುತ್ತದೆಯೋ ಇಲ್ಲವೋ ಎಂಬ ಅನುಮಾನವನ್ನು ಯಮನ ಮುಂದೆಯೇ ಇಟ್ಟನಲ್ಲ! ಆನೆ, ಕುದುರೆ, ಬಂಗಾರ ಏನು ಬೇಕಾದರೂ ಕೇಳು, ಇದೊಂದು ಬಿಡು ಎಂದ ಯಮ. ಹುಡುಗ ಬಿಡಲಿಲ್ಲ. ಯಮ ಮೆಚ್ಚಿಕೊಂಡನೇ ಹೊರತು ಗದರಲಿಲ್ಲ.

ಮನೆಯಲ್ಲಿ ಗದರುವವರು ನಾವೇ. ಮೊನ್ನೆ ಕಾಲೇಜಿಗೆ ಹೋಗುವ ಮಗಳು ಬಂದು, ‘ಅಮ್ಮಾ, ನೀನು ನಿಜವಾಗ್ಲೂ ನಂಬ್ತೀಯಾ?’ ಅಂದಳು. ಮೊದಲಾಗಿದ್ದರೆ ‘ದೇವರ ಮುಂದೆ ಎಂಥ ಮಾತೇ ಅದು!’ ಎಂದು ಬಾಯಿ ಮುಚ್ಚಿಸುತ್ತಿದ್ದೆ. ‘ಕೆಲವು ದಿನ ನಂಬ್ತೀನಿ, ಕೆಲವು ದಿನ ಆಗೋದಿಲ್ಲ ಕಣೇ’ ಎಂದೆ. ಅವಳು ಏನೂ ಹೇಳದೆ ಪಕ್ಕದಲ್ಲಿ ಕೂತು ಬತ್ತಿ ಹೊಸೆಯತೊಡಗಿದಳು. ಇನ್ನೂ ಸರಿಯಾಗಿ ಬರೋದಿಲ್ಲ ಅವಳಿಗೆ, ದಪ್ಪ ದಪ್ಪ ಮಾಡಿಬಿಡ್ತಾಳೆ. ಅವನ್ನೇ ಹಚ್ಚಿದೆ.