‘ಶರಪಂಜರ’ವನ್ನು ಓದುವ ಬಗೆ

ಕಾದಂಬರಿಯೆಂದರೆ ಮಧ್ಯಾಹ್ನದ ವಿರಾಮಕ್ಕೊಂದು ವಿನೋದವೆಂದು ಬಗೆಯುವವರು ನಮ್ಮಲ್ಲಿ ಬಹಳ. ಆದರೆ ಓದುವವರ ಮನಸ್ಸನ್ನೇ ತಕ್ಕಡಿಯಲ್ಲಿಟ್ಟು ತೂಗುವ ಕಾದಂಬರಿಗಳೂ ಉಂಟು. ತ್ರಿವೇಣಿಯವರ ‘ಶರಪಂಜರ’ವು ಅಂಥದು.

ನಮ್ಮ ಮನೆ ಬೈಲಹೊಂಗಲದಲ್ಲಿ. ಅಕ್ಕತಂಗಿಯರನ್ನು ಕಿತ್ತೂರು, ಸವದತ್ತಿ, ರಾಮದುರ್ಗಗಳಿಗೆ ಕೊಟ್ಟಿದೆ. ಈ ಪುಸ್ತಕದ ಒಂದೇ ಪ್ರತಿಯು ರೊಟ್ಟಿಯ ಗಂಟಿನೊಡನೆ ನಾಲ್ಕೂ ಊರು ಸುತ್ತಿತು.

ತ್ರಿವೇಣಿಯೆಂಬುದು ಅನಸೂಯಾ ಶಂಕರ ಅವರ ಕಾವ್ಯನಾಮ. 1928ರಲ್ಲಿ ಜನಿಸಿದ ಇವರು ಮನಶ್ಶಾಸ್ತ್ರವನ್ನು ಅಭ್ಯಸಿಸಿದವರು. 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಹೊರಗಿನ ಘಟನೆಗಿಂತ ಒಳಗಿನ ಮನಸ್ಸನ್ನೇ ಕಥೆಯಾಗಿಸುವ ದಾರಿಯನ್ನು ಇಂಗ್ಲಂಡಿನಲ್ಲಿ ವರ್ಜೀನಿಯಾ ವುಲ್ಫ್ ಅವರು 1925ರ ‘ಮಿಸೆಸ್ ಡಾಲೊವೆ’ಯಲ್ಲಿ ಹಿಡಿದಿದ್ದರು. ತ್ರಿವೇಣಿಯವರು ಅದೇ ಮನಸ್ಸಿನ ಒಳಮನೆಯನ್ನು ತಮ್ಮದೇ ರೀತಿಯಲ್ಲಿ, ತಿಳಿಯಾದ ಮನೆಮಾತಿನಲ್ಲಿ ತೆರೆದು ತೋರಿಸಿದರು.

ಕಥಾನಾಯಿಕೆ ಕಾವೇರಿಯು ಬಾಣಂತಿತನದಲ್ಲಿ ಚಿತ್ತಭ್ರಮೆಗೆ ಒಳಗಾಗಿ, ಆಸ್ಪತ್ರೆಯಲ್ಲಿ ಗುಣಹೊಂದಿ ಮನೆಗೆ ಮರಳುವಳು. ನಿಜವಾದ ಕಷ್ಟವು ಅಲ್ಲಿಂದ ಮುಂದೆ. ಅವಳು ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ, ಸುಮ್ಮನಿದ್ದರೂ ಪಿಸುಮಾತು. ಕೈಹಿಡಿದ ಗಂಡನೇ ದೂರವಾಗುವನು. ಅವಳ ರೋಗವು ವಾಸಿಯಾಗಿತ್ತು. ಸುತ್ತಲಿನವರ ಸಂಶಯವು ವಾಸಿಯಾಗಲಿಲ್ಲ. ಅವಳು ಮರಳಿ ಅದೇ ಕತ್ತಲೆಗೆ ಬೀಳುವಳು.

ಈ ಪುಸ್ತಕದಲ್ಲಿ ಕಠಿಣವಾದ ಶಬ್ದವಿಲ್ಲ. ಕಠಿಣವಾದುದೆಂದರೆ, ಕಥೆಯಲ್ಲಿ ನಾವೆಲ್ಲಿ ನಿಂತಿರುವೆವೆಂಬುದನ್ನು ಕಾಣುವದು. ಮೊದಲ ಓದಿನಲ್ಲಿ ನಾವೆಲ್ಲರೂ ಕಾವೇರಿಗಾಗಿ ಅತ್ತು, ಅವಳ ಗಂಡನನ್ನು ಬೈದೆವು. ಬಳಿಕ ರಾಮದುರ್ಗದ ಅಕ್ಕನು ನೆನಪು ಮಾಡಿಕೊಟ್ಟಳು: “ನಮ್ಮ ಓಣಿಯ ಆ ಚಿಗವ್ವ ಧಾರವಾಡದ ಆಸ್ಪತ್ರೆಯಿಂದ ಬಂದಾಗ ನಾವು ಮಾಡಿದ್ದೇನು?” ಆಕೆ ನಮ್ಮ ತಮ್ಮನನ್ನು ತೊಡೆಯ ಮೇಲೆ ಕೂಡಿಸಿಕೊಂಡಿದ್ದಳು. ನಾವು ಏನೋ ನೆವ ಹೇಳಿ ಕೂಸನ್ನು ಎತ್ತಿಕೊಂಡೆವು. ಆಕೆ ಏನೂ ಅನ್ನಲಿಲ್ಲ. ಆದರೆ ಮತ್ತೆ ನಮ್ಮ ಹೊಸ್ತಿಲನ್ನು ತುಳಿಯಲಿಲ್ಲ. “ಇವರನ್ನು ಧಾರವಾಡಕ್ಕೆ ಕಳಿಸಬೇಕು” ಎಂದು ನಾವು ಎಷ್ಟು ಸಲ ನಗೆಯಾಡಿಲ್ಲ! ಎರಡನೆಯ ಓದಿನಲ್ಲಿ ನಮಗೆ ಅಳು ಬರಲಿಲ್ಲ, ನಾಚಿಕೆಯಾಯಿತು.

ನಮ್ಮೂರ ಕೋಟೆಯಲ್ಲಿ ಕಿತ್ತೂರ ರಾಣಿ ಚೆನ್ನಮ್ಮನು ಸೆರೆಯಲ್ಲಿದ್ದು 1829ರಲ್ಲಿ ದೇಹವಿಟ್ಟಳು. ಅವಳ ಸಮಾಧಿಗೆ ಕೈಮುಗಿಯುವಾಗ ಸೆರೆಯಲ್ಲಿಟ್ಟವರು ಆಂಗ್ಲರೆಂದು ಹೇಳಿ ನಾವು ಹಗುರಾಗುವೆವು. ಆದರೆ ಶರಪಂಜರವೆಂದರೆ ಬಾಣಗಳ ಪಂಜರ. ಕಾವೇರಿಯ ಸುತ್ತಲಿನ ಬಾಣಗಳು ಮನೆಯವರ, ನೆರೆಯವರ ನೋಟಗಳೇ ಆಗಿವೆ. ಇಲ್ಲಿ ದೂರಲು ಪರಕೀಯರಿಲ್ಲ.

ಆದುದರಿಂದ ವಾಚಕ ಭಗಿನಿಯರೆ, ಈ ಪುಸ್ತಕವನ್ನು ಎರಡು ಸಲ ಓದಿರಿ: ಮೊದಲು ಕಾವೇರಿಯಾಗಿ, ಬಳಿಕ ಅವಳನ್ನು ನೋಡುವವರಾಗಿ. ಬಾಣಂತಿಯ ಚಿತ್ತವಿಕಾರವು ದೆವ್ವವಲ್ಲ, ಪಾಪದ ಫಲವಲ್ಲ. ಚಿಕಿತ್ಸೆಯಿಂದ ಗುಣವಾಗುವ ರೋಗ. ಗುಣಹೊಂದಿ ಬಂದವಳು ನೆರೆಯಲ್ಲಿದ್ದರೆ, ಮುಂದಿನ ಹಬ್ಬದ ಅರಿಷಿಣ-ಕುಂಕುಮಕ್ಕೆ ಅವಳನ್ನು ಮರೆಯದೆ ಕರೆಯಿರಿ. ಕೂಸು ಅವಳ ತೊಡೆಯೇರಿದರೆ ಅಲ್ಲಿಯೇ ಇರಗೊಡಿರಿ.