ಕಡಲಾಚೆಯ ಮುಯ್ಯಾಳುಗಳು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದವರಿಲ್ಲ. ಮನೆ ಕಟ್ಟುವುದು ಒಬ್ಬನಿಂದ ಆಗುವ ಕೆಲಸವಲ್ಲ. ಇಂಥ ಭಾರದ ಕೆಲಸಗಳಿಗೆಂದೇ ನಮ್ಮ ಹಳ್ಳಿಗಳಲ್ಲಿ ಮುಯ್ಯಾಳಿನ ಪದ್ಧತಿ ಇತ್ತು. ಇಂದು ನಿಮ್ಮ ಕೆಲಸಕ್ಕೆ ನಾವು, ನಾಳೆ ನಮ್ಮ ಕೆಲಸಕ್ಕೆ ನೀವು. ಕೂಲಿಯ ಮಾತಿಲ್ಲ, ಉಪಕಾರದ ಹಂಗೂ ಇಲ್ಲ. ಇಂಥದೇ ಭಾವನೆಯಿಂದ ದೇಶದ ಗಡಿಯನ್ನೇ ದಾಟಿ, ಗುರುತು ಪರಿಚಯವಿಲ್ಲದವರ ಮನೆ ಕಟ್ಟಲು ಹೋದವರ ಕಥೆಯನ್ನು ಇಲ್ಲಿ ಹೇಳಬಯಸುತ್ತೇವೆ.

ಮೊದಲನೆಯ ಮಹಾಯುದ್ಧದಲ್ಲಿ ಫ್ರಾನ್ಸಿನ ವೆರ್ದನ್ ಸುತ್ತಲಿನ ಹಳ್ಳಿಗಳು ನೆಲಸಮವಾದವು. 1920ರಲ್ಲಿ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಪಿಯೆರ್ ಸೆರೆಸೋಲ್ ಅವರು ಕೆಲವೇ ಸಂಗಡಿಗರೊಂದಿಗೆ ಅಲ್ಲಿನ ಎನ್ ಎಂಬ ಹಳ್ಳಿಗೆ ಬಂದು, ಕಲ್ಲುಮಣ್ಣು ತೆಗೆದು ವಸತಿಗಳನ್ನು ಕಟ್ಟತೊಡಗಿದರು. ಆ ತಂಡದಲ್ಲಿ ಜರ್ಮನರೂ ಇದ್ದರು. ನಿನ್ನೆಯ ಶತ್ರುವಿನ ಕೈಯಿಂದ ಮನೆ ಕಟ್ಟಿಸಿಕೊಳ್ಳುವುದು ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. ವಿರೋಧ ಬಂದು, ಕೆಲವು ತಿಂಗಳಲ್ಲೇ ಕೆಲಸ ನಿಂತಿತು. ಆದರೆ ಈ ಪ್ರಯತ್ನದಿಂದ ಹುಟ್ಟಿದ ಅಂತರರಾಷ್ಟ್ರೀಯ ಸೇವಾ ಸಂಸ್ಥೆ ಮಾತ್ರ ಉಳಿದು ಬೆಳೆಯಿತು.

1934ರ ಜನವರಿ 15ರಂದು ಬಿಹಾರದಲ್ಲಿ ಘೋರ ಭೂಕಂಪವಾಯಿತು. ಭೂಮಿ ಬಿರಿದು, ಒಳಗಿನ ಮರಳು ಉಕ್ಕಿ ಹೊಲಗಳನ್ನು ಮುಚ್ಚಿತು. 1993ರ ಕಿಲ್ಲಾರಿ ಭೂಕಂಪವನ್ನು ಕಂಡ ನಮ್ಮ ಭಾಗದ ಹಿರಿಯರಿಗೆ ಆ ದುಃಖವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ 1931ರಲ್ಲೇ ಗಾಂಧೀಜಿಯವರನ್ನು ಕಂಡಿದ್ದ ಸೆರೆಸೋಲ್, ಬಿಹಾರದ ಸುದ್ದಿ ತಿಳಿದು ಹಡಗು ಹತ್ತಿ ಬಂದರು. ಪರಿಹಾರ ಕಾರ್ಯದ ಮುಂದಾಳತ್ವ ವಹಿಸಿದ್ದವರು ಮುಂದೆ ರಾಷ್ಟ್ರಪತಿಗಳಾದ ಬಾಬು ರಾಜೇಂದ್ರ ಪ್ರಸಾದರು. ಅವರ ಸಹಕಾರದಿಂದ ಸೆರೆಸೋಲರ ಚಿಕ್ಕ ತಂಡವು ಮುಜಫ್ಫರಪುರ ಜಿಲ್ಲೆಯಲ್ಲಿ ನೆರೆಗೆ ಸಿಲುಕುತ್ತಿದ್ದ ಹಳ್ಳಿಗಳನ್ನು ಎತ್ತರದ ನೆಲಕ್ಕೆ ತಂದು ಕಟ್ಟಲು ಊರವರ ಜೊತೆಯಲ್ಲೇ ದುಡಿಯಿತು.

ಇಂದು ಈ ಬಗೆಯ ಕೆಲಸಕ್ಕೆ ಹೆಸರಾದ ಸಂಸ್ಥೆಗಳಲ್ಲಿ ‘ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ’ ಒಂದು. ಮಿಲಾರ್ಡ್ ಫುಲ್ಲರ್ ಮತ್ತು ಲಿಂಡಾ ಫುಲ್ಲರ್ ದಂಪತಿಗಳು ಆಫ್ರಿಕದ ಜೈರೆಯಲ್ಲಿ ಬಡವರಿಗೆ ಮನೆ ಕಟ್ಟಿದ ಅನುಭವದಿಂದ 1976ರಲ್ಲಿ ಅಮೆರಿಕದಲ್ಲಿ ಇದನ್ನು ಸ್ಥಾಪಿಸಿದರು. ಫುಲ್ಲರ್ ದಂಪತಿಗಳು ಹಾಕಿಕೊಟ್ಟ ಕ್ರಮ ಹೀಗಿತ್ತು: ಮನೆ ದಾನವಲ್ಲ. ಮನೆಯವರು ತಾವೂ ಮೈಮುರಿದು ದುಡಿಯಬೇಕು. ಖರ್ಚನ್ನು ಬಡ್ಡಿಯಿಲ್ಲದೆ ಕಂತುಗಳಲ್ಲಿ ತೀರಿಸಬೇಕು. ಆ ಹಣದಿಂದ ಇನ್ನೊಬ್ಬರ ಮನೆ ಏಳುತ್ತದೆ. ಇದು ನಮ್ಮ ಮುಯ್ಯಿಯಲ್ಲದೆ ಬೇರೇನು?

2006ರಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರು ತಮ್ಮ 82ನೆಯ ವಯಸ್ಸಿನಲ್ಲಿ ಪತ್ನಿಯೊಡನೆ ನಮ್ಮ ಮಹಾರಾಷ್ಟ್ರಕ್ಕೇ ಬಂದು, ಲೋಣಾವಳದ ಬಳಿಯ ಮಳವಲಿಯಲ್ಲಿ ಕೆಲಸಕ್ಕೆ ನಿಂತರು. ದೇಶವಿದೇಶಗಳ ಸ್ವಯಂಸೇವಕರೂ ಮನೆಯವರೂ ಸೇರಿ ಅಲ್ಲಿ 100 ಮನೆಗಳನ್ನು ಕೈಗೆತ್ತಿಕೊಂಡಿದ್ದರು. ಪುಣೆಯಿಂದ ಮುಂಬಯಿಗೆ ಹೋಗುವ ರೈಲುಮಾರ್ಗದಲ್ಲಿ ಈ ಊರನ್ನು ನೀವೂ ಕಾಣಬಹುದು.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ವಿಮಾನದ ಖರ್ಚಿನಲ್ಲಿ ಊರಿನ ಗೌಂಡಿಗಳಿಗೇ ಕೂಲಿ ಕೊಟ್ಟಿದ್ದರೆ ಹೆಚ್ಚು ಮನೆಗಳಾಗುತ್ತಿರಲಿಲ್ಲವೇ? ಪ್ರಶ್ನೆ ನ್ಯಾಯವಾದುದೇ. ಕರಣೆ ಹಿಡಿದರಿಯದ ಅತಿಥಿ ಕಟ್ಟಿದ ಗೋಡೆ ಡೊಂಕಾದೀತು. ಊರಿನ ಕೂಲಿಗಾರನ ಅನ್ನವೂ ಹೋದೀತು. ಆದುದರಿಂದ ಇಂಥ ಕೆಲಸಕ್ಕೆ ಒಂದು ಮರ್ಯಾದೆ ಬೇಕು. ಮನೆ ಹೇಗಿರಬೇಕೆಂದು ಹೇಳುವವರು ಮನೆಯವರು. ಒಳಂಬ ಬಿಟ್ಟು ಗೋಡೆ ನೋಡುವವನು ಊರಿನ ಗೌಂಡಿ. ಬಂದವನು ಎಷ್ಟೇ ಓದಿದವನಾಗಲಿ, ಅವರ ಕೈಕೆಳಗಿನ ಆಳು. ಇಟ್ಟಿಗೆ ಹೊರಬೇಕು, ಮರಳು ಸೋಸಬೇಕು, ಸಿಮೆಂಟು ಕಲಸಬೇಕು. ಹೀಗೆ ನಡೆದಲ್ಲಿ ಪಡೆದವರು ತಲೆ ತಗ್ಗಿಸಬೇಕಾಗಿಲ್ಲ, ಕೊಟ್ಟವರು ತಲೆ ಎತ್ತಿ ಮೆರೆಯಬೇಕಾಗಿಲ್ಲ. ಹಣ ಕಳುಹಿಸಿ ಕೈತೊಳೆದುಕೊಂಡವರಿಗೆ ಈ ಸಮಾನತೆಯ ಪಾಠ ಸಿಗಲಾರದು.

ವಿದ್ಯಾರ್ಥಿಗಳೇ, ಈ ಪಾಠಕ್ಕೆ ಕಡಲನ್ನೇ ದಾಟಬೇಕೆಂದಿಲ್ಲ. ನಿಮ್ಮ ಓಣಿಯಲ್ಲಿ ಯಾರಾದರೂ ಮನೆ ಕಟ್ಟುತ್ತಿದ್ದರೆ, ರಜೆಯ ದಿನ ಹೋಗಿ ಹೊಸ ಗೋಡೆಗೆ ನಾಲ್ಕು ಕೊಡ ನೀರು ಹಾಕಿ ಬನ್ನಿರಿ. ಪಾಲಕರೇ, ಮಕ್ಕಳ ಅಂಗಿ ಕೆಸರಾಯಿತೆಂದು ಅಂದು ಮಾತ್ರ ಬೈಯಬೇಡಿರಿ.